ಸಾಹಸವೂ ಹುಯ್ಯಲೂ

ಧರ್ಮಶಾಸ್ತ್ರಗಳಲ್ಲಿ ಸಾಹಸವೆಂಬುದು ಒಂದು ಅಪರಾಧದ ಹೆಸರು. ಕಾವ್ಯಗಳಲ್ಲಿ ಅದೇ ಪದವು ಒಂದು ಗುಣದ ಹೆಸರು. ಬಲವೆಂಬ ಅರ್ಥವುಳ್ಳ ‘ಸಹಸ್’ ಶಬ್ದದಿಂದಲೇ ಎರಡೂ ಹುಟ್ಟಿದವಾದರೂ, ವ್ಯವಹಾರಕಾಂಡವನ್ನು ಓದತಕ್ಕವರು ಒಂದನ್ನೂ ಸಾಹಿತ್ಯವನ್ನು ಓದತಕ್ಕವರು ಮತ್ತೊಂದನ್ನೂ ಹಿಡಿದುಕೊಂಡು, ಇವೆರಡರ ನಡುವಣ ಸಂಬಂಧವನ್ನು ವಿಚಾರಿಸುವ ಗೋಜಿಗೆ ಹೋದಂತೆ ಕಾಣುವುದಿಲ್ಲ. ಒಡೆಯನ ಕಣ್ಣೆದುರಿನಲ್ಲಿ ಬಲಾತ್ಕಾರದಿಂದ ಮಾಡಿದ ಅಪಹರಣವು ಸಾಹಸ, ಮರೆಯಲ್ಲಿ ಮಾಡಿದುದು ಸ್ತೇಯ ಎಂದು ಮನುವೂ ಕೌಟಿಲ್ಯನೂ ವಿಭಾಗಿಸುತ್ತಾರೆ. ಬಾಯಿ ಕೆಟ್ಟವನಿಗಿಂತಲೂ ಕಳ್ಳನಿಗಿಂತಲೂ ದೊಣ್ಣೆಯಿಂದ ಹೊಡೆಯುವವನಿಗಿಂತಲೂ ಸಾಹಸಿಕನು ಹೆಚ್ಚಿನ ಪಾಪಿಯೆಂದೂ, ಅವನನ್ನು ಸಹಿಸಿಕೊಂಡಿರುವ ಅರಸನು ಬೇಗನೆ ನಾಶವನ್ನು ಹೊಂದುವನೆಂದೂ ಮನುಸ್ಮೃತಿಯ 8ನೆಯ ಅಧ್ಯಾಯದ ಅಭಿಪ್ರಾಯ. ಇತ್ತ ಕನ್ನಡದಲ್ಲಿ ರನ್ನನ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ವೆಂಬುದು ಇನ್ನೊಂದು ಹೆಸರು, ಅಲ್ಲಿ ಸಾಹಸವು ಆಶ್ರಯದಾತನಾದ ಅರಸನಿಗೇ ಭೂಷಣವಾಗಿದೆ. ಮನುವು ಯಾರನ್ನು ಸಹಿಸಬೇಡವೆಂದು ಅರಸನಿಗೆ ವಿಧಿಸಿದನೋ ಅವನ ಹೆಸರನ್ನು ಅರಸನೇ ತನಗೆ ಬಿರುದಾಗಿ ತೊಟ್ಟುಕೊಂಡನು ಎಂದರೆ ಅತಿಶಯೋಕ್ತಿಯಾಗಲಾರದು.

ಪ್ರಕೃತದಲ್ಲಿ ನಮ್ಮ ವಿಚಾರವು ಬರಿಯ ಶಬ್ದದ ಮೇಲಣದಲ್ಲ. ಹಳ್ಳಿಯ ಮೇಲೆ ಬಿದ್ದು ದನಗಳನ್ನು ಹೊಡೆದುಕೊಂಡು ಹೋದುದು, ಬಿತ್ತಿದ ಗದ್ದೆಯನ್ನು ಕೆಡಿಸಿದುದು, ಅಡ್ಡ ಬಂದವನನ್ನು ಕೊಂದುದು, ಇಂತಹ ಸಂಗತಿಗಳು ನಮ್ಮ ಶಾಸನಗಳಲ್ಲಿಯೂ ಭಾರತಗಳಲ್ಲಿಯೂ ತುಳುನಾಡಿನ ಪಾಡ್ದನಗಳಲ್ಲಿಯೂ ಹೇರಳವಾಗಿವೆ. ಇವುಗಳನ್ನು ಕುರಿತ ವಿಮರ್ಶೆಯೆಲ್ಲವೂ ಬಹುಮಟ್ಟಿಗೆ ವೀರರಸವೆಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ದನ ಕಳೆದುಕೊಂಡವನು ಯಾರು, ಅವನು ಯಾರಲ್ಲಿ ಮೊರೆಯಿಟ್ಟನು, ಮೊರೆಯನ್ನು ಕೇಳಿದವನು ಏನು ಮಾಡಿದನು ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಈ ಸಾಹಿತ್ಯವನ್ನು ಓದಿದರೆ, ನಾವು ಇದುವರೆಗೆ ಹಾಕಿಕೊಂಡು ಬಂದ ಮೇಲು ಕೀಳುಗಳ ಪಂಕ್ತಿ ಬದಲಾಗುವುದೆಂದು ನಮ್ಮ ಮತ. ಗ್ರಾಮ್ಯವೆಂದು ಎಣಿಸಲ್ಪಟ್ಟ ಪಾಡ್ದನವು ಈ ವಿಷಯದಲ್ಲಿ ಮಹಾಕಾವ್ಯಕ್ಕಿಂತಲೂ ಸ್ಮೃತಿಗೆ ಸಮೀಪವಾಗಿದೆ. ಈ ಮಾತು ವಿಪರೀತವಾಗಿ ಕೇಳಿಸಬಹುದಾದುದರಿಂದ ಮೊದಲು ಸ್ಮೃತಿಯು ಹೇಳುವುದೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ನಾರದನು ಸಾಹಸವನ್ನು ಮೂರು ತರಗತಿಗಳಾಗಿ ಒಡೆದಿದ್ದಾನೆ. ಹಣ್ಣು, ಗೆಡ್ಡೆ, ನೀರು, ಬೇಸಾಯದ ಉಪಕರಣಗಳು, ಇವುಗಳನ್ನು ಮುರಿದು ಕೆಡಿಸುವುದು ಪ್ರಥಮ ಸಾಹಸ. ಬಟ್ಟೆ, ಪಶು, ಅನ್ನಪಾನ, ಮನೆಯ ಸಾಮಗ್ರಿ, ಇವುಗಳಿಗೆ ಹಾನಿ ಮಾಡುವುದು ಮಧ್ಯಮ. ವಿಷಶಸ್ತ್ರಾದಿಗಳಿಂದ ಪ್ರಾಣಹಾನಿ ಮಾಡುವುದೂ ಪರಸ್ತ್ರೀಯನ್ನು ಬಲಾತ್ಕರಿಸುವುದೂ ಉತ್ತಮ. ಇಲ್ಲಿ ಉತ್ತಮವೆಂದರೆ ಅತಿ ಘೋರವೆಂದು ತಾತ್ಪರ್ಯ. ಮನುವಿನ ಲೆಕ್ಕದಲ್ಲಿ ಈ ಮೂರು ಸಾಹಸದಂಡಗಳು ಕ್ರಮವಾಗಿ 250, 500, 1000 ಪಣಗಳು. ವಾಚಕರು ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಪಟ್ಟಿಯನ್ನು ಮಾಡಿದವನ ಕಣ್ಣ ಮುಂದೆ ಇದ್ದುದು ರಣಭೂಮಿಯಲ್ಲ, ಹಳ್ಳಿ. ನೀರು, ನೇಗಿಲು, ದನ, ಪ್ರಾಣ ಎಂಬ ಈ ಮೆಟ್ಟಿಲುಗಳು ಬೇಸಾಯಗಾರನ ಮನೆಯ ಹೊರಗಣ ಗದ್ದೆಯಿಂದ ಹೊರಟು ಹಟ್ಟಿಯನ್ನು ದಾಟಿ ಒಳಕೋಣೆಯವರೆಗೆ ಬರುವ ಮೆಟ್ಟಿಲುಗಳು.

ಇನ್ನು ಅರಸನ ಹೊಣೆ. ಕಳ್ಳರು ಅಪಹರಿಸಿದ ದ್ರವ್ಯವನ್ನು ಅರಸನು ಜಾನಪದನಿಗೆ ಕೊಡತಕ್ಕದ್ದು, ಕೊಡದಿದ್ದರೆ ಆ ಕಳವಿನ ಪಾಪವು ಅವನಿಗೇ ತಟ್ಟುವುದು ಎಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ನಾಡಿನಲ್ಲಿಯೇ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಈ ವಚನಕ್ಕೆ ಗೌತಮನ ಸೂತ್ರವನ್ನು ಸೇರಿಸಿ, ಕಳ್ಳರನ್ನು ಗೆದ್ದು ವಸ್ತುವನ್ನು ಮರಳಿಸಲು ಆಗದಿದ್ದಲ್ಲಿ ಸ್ವಂತ ಬೊಕ್ಕಸದಿಂದ ಕೊಡಬೇಕೆಂದು ಸ್ಪಷ್ಟಪಡಿಸಿದ್ದಾನೆ. ಅಲ್ಲಿಗೆ ನಿಲ್ಲದೆ ಸ್ಮೃತಿಯು ಹೆಜ್ಜೆಯ ಲೆಕ್ಕವನ್ನೂ ಹೇಳುತ್ತದೆ. ಕೊಲೆಯೋ ಕಳವೋ ನಡೆದು, ಕಳ್ಳನ ಹೆಜ್ಜೆ ಊರನ್ನು ಬಿಟ್ಟು ಹೊರಗೆ ಹೋದುದು ಕಾಣದಿದ್ದರೆ ಗ್ರಾಮಪತಿಯು ಹೊಣೆ. ಹುಲ್ಲುಗಾವಲಿನಲ್ಲಿ ನಡೆದರೆ ವಿವೀತದ ಒಡೆಯನು. ದಾರಿಯಲ್ಲಿ ನಡೆದರೆ ಕಳ್ಳರನ್ನು ಹಿಡಿಯಲು ನೇಮಕವಾದ ಅಧಿಕಾರಿಯು. ಊರುಗಳ ನಡುವಣ ಬಯಲಿನಲ್ಲಿ ನಡೆದರೆ ಐದು ಅಥವಾ ಹತ್ತು ಊರುಗಳು ಕೂಡಿ ಕೊಡಬೇಕು. ಯಾರೋ ಕದ್ದರು, ಏನು ಮಾಡೋಣ ಎಂದು ಕೈಯಾಡಿಸಿ ಹೋಗುವುದಕ್ಕೆ ಯಾವ ಅಧಿಕಾರಿಗೂ ಇಲ್ಲಿ ಎಡೆಯಿಲ್ಲ. ಈ ವಿಧಿಗಳು ಎಷ್ಟು ಕಾಲ ಎಷ್ಟು ಕಡೆ ನಡೆದವು ಎಂಬುದು ಬೇರೆ ಮಾತು. ಒಂದು ಸಮಾಜವು ತನ್ನ ಅರಸನಿಂದ ಏನನ್ನು ಕೇಳಬಹುದೆಂದು ಎಣಿಸಿತ್ತು ಎಂಬುದಕ್ಕೆ ಇವು ಪ್ರಮಾಣಗಳು.

ಸಾಹಸವು ಮಾಡುವವನ ಕಡೆಯ ಪದವಾದರೆ, ಅನುಭವಿಸುವವನ ಕಡೆಯ ಪದವು ಹುಯ್ಯಲು. ಹಳಗನ್ನಡದ ‘ಪುಯ್ಯಲ್’ ಎಂದರೆ ಕೂಗು, ಮೊರೆ. ವೀರಗಲ್ಲುಗಳ ಶಾಸನಗಳಲ್ಲಿ ‘ತುರುಗೋಳ್’, ‘ಊರಳಿವು’ ಎಂಬ ಮಾತುಗಳ ಜೊತೆಯಲ್ಲಿಯೇ ‘ಪೆಣ್ಬುಯ್ಯಲ್’ ಎಂಬ ಮಾತು ಬರುತ್ತದೆ. ಹೆಂಗಸರು ಇಟ್ಟ ಮೊರೆಯೆಂದು ಅದರ ಅರ್ಥ. ಕಾಲಕ್ರಮದಲ್ಲಿ ಹುಯ್ಯಲೆಂಬುದಕ್ಕೆ ಯುದ್ಧವೆಂಬ ಅರ್ಥವೂ ಬಂದಿತು. ಈ ಅರ್ಥಾಂತರವನ್ನು ನಿಘಂಟುಕಾರರ ಸಂಗ್ರಹಕ್ಕೆ ಬಿಟ್ಟು ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಮೊರೆಯಿಟ್ಟವಳ ಧ್ವನಿಯು ಅಡಗಿ, ಅದನ್ನು ಕೇಳಿ ಓಡಿಬಂದವನ ಕಾಳಗವು ಅದೇ ಪದವನ್ನು ಆಕ್ರಮಿಸಿಕೊಂಡಿತು. ನಮ್ಮ ವಿಮರ್ಶೆಯಲ್ಲಿ ನಡೆದುದೂ ಇದೇ.

ವೀರಗಲ್ಲುಗಳ ಮೇಲೆ ಡಾ॥ ಎಂ. ಚಿದಾನಂದಮೂರ್ತಿಯವರು 1966ರ ತಮ್ಮ ಶಾಸನಾಧ್ಯಯನದಲ್ಲಿಯೂ, ಆರ್. ಶೇಷಶಾಸ್ತ್ರಿಗಳು 1982ರ ಪ್ರತ್ಯೇಕ ಗ್ರಂಥದಲ್ಲಿಯೂ ಬಹಳ ಶ್ರಮಪಟ್ಟು ಸಾಮಗ್ರಿಯನ್ನು ಕೂಡಿಸಿದ್ದಾರೆ. ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ದನಗಳು, ಬಿಲ್ಲು ಕತ್ತಿಗಳ ಕಾಳಗ. ನಡುವೆ ವೀರನನ್ನು ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಸನ್ನಿಧಿ. ಇದನ್ನು ಎಲ್ಲರೂ ಬಲ್ಲರು. ಆದರೆ ಇಂತಹ ಕಲ್ಲುಗಳಲ್ಲಿ ಚಿತ್ರಕ್ಕಿಂತಲೂ ಕೆಳಗಣ ಬರೆಹದ ಕೊನೆಯ ಭಾಗವು ನಮಗೆ ಮುಖ್ಯ. ಸತ್ತವನ ಮನೆಯವರಿಗೆ ಕಲ್ನಾಡನ್ನೋ ನೆತ್ತರುಗೊಡಗೆಯನ್ನೋ ಬಿಟ್ಟ ಸಂಗತಿಯು ಅಲ್ಲಿರುತ್ತದೆ. ಕೆಲವೆಡೆ ಕೊಟ್ಟವನು ಅರಸ, ಕೆಲವೆಡೆ ಊರಿನ ಗಾವುಂಡರು. ವೀರಸ್ವರ್ಗದ ವರ್ಣನೆಯನ್ನು ಓದಿ ತಲೆದೂಗುವ ನಾವು ಈ ಭೂಮಿಯ ವಿಚಾರವನ್ನು ಅನುಬಂಧದಂತೆ ನೋಡುತ್ತೇವೆ. ವಾಸ್ತವದಲ್ಲಿ, ಸತ್ತವನು ದುಡಿಯುತ್ತಿದ್ದ ಮನೆಯು ಮರುವರ್ಷ ಏನನ್ನು ಉಣ್ಣಬೇಕೆಂಬ ಪ್ರಶ್ನೆಗೆ ಕಲ್ಲು ಕೊಡುವ ಉತ್ತರವದು. ಯಾಜ್ಞವಲ್ಕ್ಯನು ಬೊಕ್ಕಸದಿಂದ ಕೊಡಿಸಿದುದನ್ನು ಇಲ್ಲಿ ನೆಲದಿಂದ ಕೊಡಿಸಲಾಗಿದೆ. ಆದರೂ ಒಂದು ಭೇದವುಂಟು. ಕಲ್ಲು ನಿಲ್ಲುವುದು ಹೋರಾಡಿ ಸತ್ತವನಿಗೆ. ಯಾರೂ ಅಡ್ಡ ಬಾರದೆ ದನಗಳೆಲ್ಲ ಹೋದ ಊರಿಗೆ ಕಲ್ಲಿಲ್ಲ, ಕೊಡಗೆಯಿಲ್ಲ, ನಮ್ಮ ಶಾಸನಸಂಪುಟಗಳಲ್ಲಿ ಹೆಸರೂ ಇಲ್ಲ.

ಮತ್ತೊಂದು ಕಷ್ಟವನ್ನೂ ಮುಚ್ಚಿಡಲಾಗದು. ತುರುಗಳನ್ನು ಕೊಂಡವರು ಅನೇಕ ವೇಳೆ ಕಾಡಿನ ಕಳ್ಳರಲ್ಲ. ನೆರೆಯ ಸಾಮಂತನ ಆಳುಗಳು. ಶತ್ರುವನ್ನು ಕೆಣಕುವುದಕ್ಕೆ ಅವನ ಒಕ್ಕಲಿನ ದನಗಳನ್ನು ಹೊಡೆಯುವುದು ಯುದ್ಧದ ಪೀಠಿಕೆಯಾಗಿತ್ತು. ಒಬ್ಬ ಅರಸನ ನೀತಿಯು ಮತ್ತೊಬ್ಬ ಅರಸನ ಪ್ರಜೆಗೆ ಸಾಹಸವಾಗಿ ಪರಿಣಮಿಸುತ್ತಿತ್ತು. ಚಾಟರು, ಕಳ್ಳರು, ದುರ್ವೃತ್ತರು, ಮಹಾಸಾಹಸಿಕರು, ಇವರ ಪೀಡೆಯಿಂದ ಪ್ರಜೆಗಳನ್ನು ಕಾಪಾಡಬೇಕೆಂದು ಹೇಳಿದ ಯಾಜ್ಞವಲ್ಕ್ಯನು, ಕಾಯಸ್ಥರಿಂದ, ಎಂದರೆ ಸರ್ಕಾರದ ಲೆಕ್ಕದವರಿಂದ, ವಿಶೇಷವಾಗಿ ಕಾಪಾಡಬೇಕೆಂದು ಸೇರಿಸಿದುದು ಸುಮ್ಮನೆ ಅಲ್ಲ.

ಘಟ್ಟದ ಮೇಲಣ ಸೀಮೆಯಲ್ಲಿ ದೊರೆತಷ್ಟು ತುರುಗೋಳಿನ ಕಲ್ಲುಗಳು ನಮ್ಮ ಕರಾವಳಿಯಲ್ಲಿ ದೊರೆತಿಲ್ಲ. ಉಡುಪಿಗೂ ಕಾಪುವಿಗೂ ನಡುವೆ ಇರುವ ಉದ್ಯಾವರದಲ್ಲಿ ಸಿಕ್ಕಿದ ಆಳುಪರ ಕಾಲದ ವೀರಗಲ್ಲುಗಳನ್ನು ಹುಲ್ಟ್ಜ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಕಾಣುವುದು ರಾಜ್ಯಕ್ಕಾಗಿ ಆಳುಪರೊಳಗೇ ನಡೆದ ಕಲಹ, ಉದಯಪುರದ ಪ್ರವೇಶಕ್ಕಾಗಿ ಆದ ಹೊಡೆದಾಟ. ಪಾದೂರು ಗುರುರಾಜಭಟ್ಟರು ತಮ್ಮ 1975ರ ತುಳುವ ಚರಿತ್ರೆಯಲ್ಲಿ ಈ ನೆಲದ ಶಾಸನಗಳನ್ನು ಊರೂರು ಅಲೆದು ಕೂಡಿಸಿದವರು. ಆ ಗ್ರಂಥವನ್ನು ತಿರುವಿದವರಿಗೂ ದೇವಾಲಯಗಳೂ ದತ್ತಿಗಳೂ ಎದ್ದು ಕಾಣುವವೇ ಹೊರತು ಹಟ್ಟಿಯ ದನಗಳಲ್ಲ. ಇದಕ್ಕೆ ಕಾರಣವು ನೆಲದಲ್ಲಿಯೇ ಇದೆ. ಬಯಲುಸೀಮೆಯಂತೆ ಒಂದೇ ಕಡೆ ಗುಂಪಾಗಿ ಕಟ್ಟಿದ ಊರು, ಊರ ಹೊರಗೆ ಸಾವಿರಾರು ದನಗಳ ಮಂದೆ, ಇವು ತುಳುನಾಡಿನ ಬದುಕಿಗೆ ಸೇರಿದವಲ್ಲ. ಗದ್ದೆಗೊಂದು ಮನೆ, ಮನೆಗೊಂದು ಹಟ್ಟಿ. ಬೈಲು, ಮಜಲು, ಬೆಟ್ಟು ಎಂದು ಮೂರು ತೆರನಾದ ನೆಲ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯಲೇಬೇಕು. ಇಲ್ಲಿ ವೈರವು ಹುಟ್ಟುವುದು ಮಂದೆಯಲ್ಲಲ್ಲ, ಗದ್ದೆಯ ಅಂಚಿನಲ್ಲಿ. ಆದುದರಿಂದ ಇಲ್ಲಿಯ ಕಥೆಯೂ ಅಲ್ಲಿಂದಲೇ ಆರಂಭವಾಗುತ್ತದೆ. ಆದರೆ ಅದಕ್ಕಿಂತ ಮೊದಲು ಮಾರ್ಗಕಾವ್ಯಗಳ ಲೆಕ್ಕವನ್ನು ಮುಗಿಸಬೇಕು.

ಮಹಾಭಾರತದಲ್ಲಿ ಗೋಹರಣದ ಪ್ರಸಂಗಗಳು ಎರಡು ಬಗೆಯವು. ಆದಿಪರ್ವದಲ್ಲಿ ಒಬ್ಬ ಬ್ರಾಹ್ಮಣನ ಗೋವುಗಳನ್ನು ಕಳ್ಳರು ಒಯ್ಯುತ್ತಾರೆ. ಅವನು ಖಾಂಡವಪ್ರಸ್ಥಕ್ಕೆ ಬಂದು ಕೂಗುತ್ತಾನೆ. ಆರನೆಯ ಒಂದು ಪಾಲನ್ನು ತೆಗೆದುಕೊಂಡು ರಕ್ಷಣೆ ಮಾಡದ ಅರಸನು ಪಾಪಿಯೆಂದು ಮುಖಕ್ಕೆ ಹೇಳುತ್ತಾನೆ. ಅರ್ಜುನನ ಆಯುಧಗಳಿರುವ ಕೋಣೆಯಲ್ಲಿ ದ್ರೌಪದಿಯೊಡನೆ ಯುಧಿಷ್ಠಿರನಿದ್ದಾನೆ. ಒಳಹೊಕ್ಕರೆ ಸಮಯಭಂಗ, ವನವಾಸ. ಹೋಗದಿದ್ದರೆ ಅರಸನಿಗೆ ಉಪೇಕ್ಷೆಯ ಅಧರ್ಮ. ಅರ್ಜುನನು ಹೊಗುತ್ತಾನೆ, ಗೋವುಗಳನ್ನು ತರುತ್ತಾನೆ, ಹಿಂದಿರುಗಿದ ಮೇಲೆ ಅಣ್ಣನು ಬೇಡವೆಂದರೂ ಹನ್ನೆರಡು ವರ್ಷದ ವನವಾಸಕ್ಕೆ ಹೊರಡುತ್ತಾನೆ. ಕಾಳಗವನ್ನು ವ್ಯಾಸರು ಕೆಲವೇ ಮಾತುಗಳಲ್ಲಿ ತೀರಿಸಿ, ಬಾಗಿಲಿನ ಮುಂದೆ ನಿಂತವನ ಚಿಂತೆಗೆ ಶ್ಲೋಕಗಳನ್ನು ಕೊಟ್ಟಿದ್ದಾರೆ. ಮೊರೆಗೆ ಕಿವಿಗೊಟ್ಟವನು ತಾನೇ ಬೆಲೆ ತೆರಬೇಕಾಯಿತೆಂಬ ಈ ಪ್ರಸಂಗವು ನಮ್ಮ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಕೊಡುತ್ತದೆ. ಮೊರೆಯಿಟ್ಟವನು ಗೊಲ್ಲನಾಗಿದ್ದರೆ ಅಷ್ಟು ಬೇಗ ಬಾಗಿಲು ತೆರೆಯುತ್ತಿದ್ದಿತೇ ಎಂದು ಯಾರಾದರೂ ಕೇಳಿದರೆ ಆ ಸಂದೇಹವನ್ನು ನಾವು ಕುಚೋದ್ಯವೆನ್ನಲಾರೆವು. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದುದರಿಂದ ಕನ್ನಡದ ಆದಿಕಾವ್ಯದಲ್ಲಿ ಈ ಸಮಯಭಂಗಕ್ಕೆ ಎಡೆಯೇ ಉಳಿಯಲಿಲ್ಲ. ಕಥೆಯ ಧಾರ್ಮಿಕವಾದ ಕೀಲು ಹೀಗೆ ಕಳಚಿಹೋಯಿತು.

ವಿರಾಟಪರ್ವದ ರೀತಿ ಬೇರೆ. ಕೀಚಕನು ಸತ್ತು ಮತ್ಸ್ಯರಾಜ್ಯವು ದುರ್ಬಲವಾಗಿದೆಯೆಂದು ತಿಳಿದು ಸುಶರ್ಮನು ದಕ್ಷಿಣದಲ್ಲಿಯೂ ಕೌರವರು ಉತ್ತರದಲ್ಲಿಯೂ ತುರುಗಳನ್ನು ಹಿಡಿಯುತ್ತಾರೆ. ಕೌರವರ ಪಾಲಿಗೆ ಬಂದವು ಅರುವತ್ತು ಸಾವಿರ. ಇದು ಸಭೆ ಕೂಡಿ ಮಂತ್ರಾಲೋಚನೆ ಮಾಡಿ ನಡೆಸಿದ ಸಾಹಸ. ವ್ಯಾಸರು ಗೊಲ್ಲರನ್ನು ಮಹಾರಥರು ಹೊಡೆಯುತ್ತಿದ್ದುದನ್ನೂ, ಆಗ ಹಟ್ಟಿಗಳಲ್ಲಿ ಎದ್ದ ಮಹಾರವವನ್ನೂ ಮರೆಯದೆ ಹೇಳಿದ್ದಾರೆ. ಆದರೆ ಕಥೆಯು ಆ ಕೂಗಿನ ಬಳಿ ನಿಲ್ಲುವುದಿಲ್ಲ. ಗವಾಧ್ಯಕ್ಷನು ನಗರಕ್ಕೆ ಓಡಿಬಂದು ಉತ್ತರನಿಗೆ ತಿಳಿಸುತ್ತಾನೆ. ಯುದ್ಧವಾದ ಮೇಲೆ ಅರ್ಜುನನು ಗೊಲ್ಲರನ್ನೇ ಮುಂದಾಗಿ ಕಳುಹಿಸಿ ರಾಜಕುಮಾರನ ಗೆಲುವನ್ನು ಊರಿನಲ್ಲಿ ಸಾರಿಸುತ್ತಾನೆ. ಬಂದು ಅಳುವುದಕ್ಕೂ ಹೋಗಿ ಸಾರುವುದಕ್ಕೂ ಅವರು ಬೇಕು. ನಡುವೆ ಅವರ ಗಾಯಗಳ ವಿಚಾರವಿಲ್ಲ. ಕುಮಾರವ್ಯಾಸನಲ್ಲಿ ಈ ಸಂದರ್ಭವು ಉತ್ತರನ ಬಡಾಯಿಯಿಂದ ಹಾಸ್ಯದ ಹೊನಲಾಗಿದೆ. ಹೆಂಗಸರ ನಡುವೆ ಕುಳಿತು ಮೀಸೆ ತೀಡುವ ರಾಜಪುತ್ರನನ್ನು ಆ ಮಹಾಕವಿಯು ತೋರಿಸಿದಂತೆ ಮತ್ತಾರೂ ತೋರಿಸಿಲ್ಲ. ಅದನ್ನು ನಾವೂ ಮೆಚ್ಚಿ ಓದಿದವರೇ. ಆದರೆ ಅದರ ಫಲವಾಗಿ ಗೋವಳನ ಭಯವೂ ನಗೆಯ ಸಾಮಗ್ರಿಯಾಯಿತು. ನಮ್ಮ ಬಡಗುತಿಟ್ಟಿನ ಆಟಗಳಲ್ಲಿ ಸುದ್ದಿ ತರುವ ಗೋವಳನ ಪಾತ್ರವು ಸಾಮಾನ್ಯವಾಗಿ ಹಾಸ್ಯಗಾರನ ಪಾಲಿಗೆ ಹೋಗುತ್ತದೆ. ಏದುಸಿರು ಬಿಡುತ್ತ ಅವನು ಬಂದೊಡನೆ ಸಭೆಯು ನಗಲು ಸಿದ್ಧವಾಗಿರುತ್ತದೆ. ಶಾಲೆಗಳಲ್ಲಿ ‘ಉತ್ತರನ ಪೌರುಷ’ವೆಂದು ಆಯ್ದು ಕಲಿಸುವ ಭಾಗವೂ ಹೀಗೆಯೇ, ಹಟ್ಟಿಯಲ್ಲಿ ನಡೆದ ಹೊಡೆತವನ್ನು ಹೇಳದೆ ಉಪಾಧ್ಯಾಯರು ಬಡಾಯಿಯಿಂದ ಆರಂಭಿಸಿದರೆ, ಆ ಬಡಾಯಿಯ ಕ್ರೌರ್ಯವು ಹುಡುಗರಿಗೆ ತಿಳಿಯುವ ಬಗೆ ಹೇಗೆ?

ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ವೀರಕ್ಕೆ ಸ್ಥಾಯಿಯು ಉತ್ಸಾಹ, ಆಲಂಬನವು ಜಯಿಸಬೇಕಾದ ಎದುರಾಳಿ. ಪೀಡಿತನಾದ ಬೇಸಾಯಗಾರನಿಗೆ ಇಲ್ಲಿ ಉಳಿಯುವ ಸ್ಥಾನವು ಉದ್ದೀಪನವಿಭಾವದ್ದು. ಚಂದ್ರೋದಯ, ಕೋಗಿಲೆಯ ದನಿ ಶೃಂಗಾರಕ್ಕೆ ಹೇಗೋ ಹಾಗೆ ಅವನ ಕೂಗು ವೀರಕ್ಕೆ. ಉದ್ದೀಪನವು ತನ್ನ ಕೆಲಸವನ್ನು ಮಾಡಿದ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ದಯಾವೀರ, ಧರ್ಮವೀರ ಎಂಬ ಭೇದಗ
ಳನ್ನು ವಿಶ್ವನಾಥಾದಿಗಳು ಹೇಳಿರುವರಲ್ಲ ಎಂದು ಆಕ್ಷೇಪಿಸಬಹುದು. ಹೇಳಿರುವರು ನಿಜ, ಆದರೆ ಅಲ್ಲಿಯೂ ರಸದ ನೆಲೆಯು ಕಾಪಾಡಿದವನ ಮನಸ್ಸೇ ಹೊರತು ಕಾಪಾಡಲ್ಪಟ್ಟವನ ಹಕ್ಕಲ್ಲ. ಹಕ್ಕೆಂಬುದಕ್ಕೆ ರಸಪ್ರಸ್ಥಾನದಲ್ಲಿ ಜಾಗವಿಲ್ಲ, ವ್ಯವಹಾರಕಾಂಡದಲ್ಲಿದೆ.

ಈಗ ಪಾಡ್ದನಕ್ಕೆ ಬರೋಣ. ಕೋಟಿ ಚೆನ್ನಯರ ಕಥೆ ನಡೆದ ಪಡುಮಲೆ, ಪಂಜ, ಎಣ್ಮೂರುಗಳು ಪುತ್ತೂರು ಸುಳ್ಯಗಳ ಕಡೆಯವು. ಆದರೆ ಅದು ಬಾಳುತ್ತಿರುವುದು ತುಳುನಾಡೆಲ್ಲ ಹರಡಿರುವ ಗರಡಿಗಳಲ್ಲಿ, ಉಡುಪಿ ಕಾಪು ಕಾರ್ಕಳಗಳ ಗರಡಿಗಳಲ್ಲಿಯೂ. ಬಾಸೆಲ್ ಮಿಶನ್ನಿನ ಮೆನ್ನರ್ ಪಾದ್ರಿಗಳು 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಮಾಡಿಸಿದರು. ಬರ್ನೆಲ್ಲರು ಕೂಡಿಸಿದ ಪಾಠಗಳು ಅವರು ತೀರಿಕೊಂಡ ಮೇಲೆ 1894ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಬಂದವು. ಪಂಜೆ ಮಂಗೇಶರಾಯರು ಕನ್ನಡದಲ್ಲಿ ಈ ಕಥೆಯನ್ನು ಮನೆಮನೆಗೆ ತಲುಪಿಸಿದರು. ಪಾಠಭೇದಗಳು ಅನೇಕ. ಎಲ್ಲಕ್ಕೂ ಸಾಮಾನ್ಯವಾದ ಎಲುಬುಗೂಡನ್ನು ಮಾತ್ರ ಇಲ್ಲಿ ತೆಗೆದುಕೊಳ್ಳುತ್ತೇವೆ.

ಪಡುಮಲೆಯ ಬಲ್ಲಾಳನ ಕಾಲಿನ ಹುಣ್ಣನ್ನು ದೇಯಿ ಬೈದ್ಯೆತಿ ಗುಣಪಡಿಸುತ್ತಾಳೆ. ಬಲ್ಲಾಳನು ಮಾತು ಕೊಡುತ್ತಾನೆ. ಅವಳ ಅವಳಿ ಮಕ್ಕಳು ಬೆಳೆದು ಗದ್ದೆ ಮಾಡುತ್ತಾರೆ. ನೆರೆಯ ಗದ್ದೆಯು ಬೀಡಿನ ಮಂತ್ರಿಯಾದ ಬುದ್ಯಂತನದು. ಮೊದಲು ಯಾರು ಬಿತ್ತಬೇಕೆಂಬುದಕ್ಕೆ ಮಾತು ಬೆಳೆಯುತ್ತದೆ. ನೀರಿನ ತಕರಾರು ಬರುತ್ತದೆ. ಬಿತ್ತಿದ ಬೀಜವು ಕೆಡುತ್ತದೆ. ಕೊನೆಗೆ ಗದ್ದೆಯಲ್ಲಿಯೇ ಬುದ್ಯಂತನ ಕೊಲೆಯಾಗುತ್ತದೆ. ಅಣ್ಣ ತಮ್ಮಂದಿರು ಓಡಿಹೋಗುವುದಿಲ್ಲ. ನೇರವಾಗಿ ಬೀಡಿಗೆ ಹೋಗಿ ಬಲ್ಲಾಳನೊಡನೆ ತಮ್ಮ ತಾಯಿಗೆ ಕೊಟ್ಟ ಮಾತಿನ ಲೆಕ್ಕವನ್ನು ಕೇಳುತ್ತಾರೆ. ಬಲ್ಲಾಳನು ಕೊಡುವುದಿಲ್ಲ. ಅಲ್ಲಿಂದ ಪಡುಮಲೆಯನ್ನು ಬಿಟ್ಟು ಹೊರಡುವುದು, ಸುಂಕದ ಕಟ್ಟೆಯಲ್ಲಿ ಮತ್ತೊಂದು ಕೊಲೆ, ಪಂಜದಲ್ಲಿ ಸೆರೆ, ಎಣ್ಮೂರಿನಲ್ಲಿ ಆಶ್ರಯ, ಯುದ್ಧ, ಮರಣ.

ನಾರದನ ಮೂರು ಮೆಟ್ಟಿಲುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನೀರಿನಿಂದ ಹೊರಟ ವೈರವು ಬೀಜಕ್ಕೆ ಬಂದು ಪ್ರಾಣಕ್ಕೆ ಮುಟ್ಟುತ್ತದೆ. ಪ್ರಥಮ ಸಾಹಸಕ್ಕೆ ದಂಡವಾಗದಿದ್ದುದರಿಂದ ಉತ್ತಮ ಸಾಹಸವು ನಡೆಯಿತು. ರೂಢಿಯ ನೀರಿನ ದಾರಿಯನ್ನು ತಡೆದವನಿಗೂ ರೂಢಿಯಿಲ್ಲದ ದಾರಿಯನ್ನು ಮಾಡಿದವನಿಗೂ ಪೂರ್ವಸಾಹಸದಂಡವೆಂದು ಕೌಟಿಲ್ಯನು ವಿಧಿಸಿರುವನು. ಪಡುಮಲೆಯಲ್ಲಿ ಆ ದಂಡವನ್ನು ವಿಧಿಸಬೇಕಾದವನು ಬಲ್ಲಾಳ. ನೀರಿನ ಅಪರಾಧಿಯು ಬಲ್ಲಾಳನ ಮಂತ್ರಿ. ಕಾಯಸ್ಥರಿಂದ ವಿಶೇಷವಾಗಿ ಎಂಬ ಯಾಜ್ಞವಲ್ಕ್ಯನ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಕಂಡಿಲ್ಲ. ಸ್ಮೃತಿಯನ್ನು ಓದದ ಪಾಡ್ದನಗಾರ್ತಿಯು ಗದ್ದೆಯಲ್ಲಿ ನೇಜಿ ನೆಡುತ್ತ ಹಾಡಿದ ಕಥೆಯಲ್ಲಿ ಸ್ಮೃತಿಯ ಪ್ರಕರಣಕ್ರಮವಿದೆಯೆಂದರೆ, ಅವಳು ಅದನ್ನು ಪುಸ್ತಕದಿಂದ ಕಲಿತಳೆಂದಲ್ಲ; ಸ್ಮೃತಿಕಾರನೂ ಅವಳೂ ಒಂದೇ ಬಗೆಯ ಗದ್ದೆಯನ್ನು ನೋಡಿದ್ದರೆಂದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಬುದ್ಯಂತನೂ ಗದ್ದೆಯುಳ್ಳವನೇ, ಕೊಲೆಯಾದವನೂ ಅವನೇ. ಕೊಂದವರನ್ನು ದೈವವಾಗಿ ಪೂಜಿಸುವ ಹಾಡು ನ್ಯಾಯಪಕ್ಷಪಾತಿಯೆಂದು ಹೇಳುವುದೆಂತು? ಈ ಆಕ್ಷೇಪಕ್ಕೆ ಬಲವಿದೆ. ಹಾಡು ಕೊಲೆಯನ್ನು ಮರೆಮಾಚುವುದಿಲ್ಲವೆಂಬುದಷ್ಟೇ ನಮ್ಮ ಸಮಾಧಾನ. ಆ ಕೈಗಳು ರಕ್ತಹಚ್ಚಿದವು ಎಂಬುದನ್ನು ಅದು ಕೊನೆಯವರೆಗೂ ಮರೆಯುವುದಿಲ್ಲ. ಹುಟ್ಟಿದ ಊರಿಗೆ ಅವರು ಮತ್ತೆ ಒಕ್ಕಲಾಗಿ ಮರಳುವುದಿಲ್ಲ, ಎಣ್ಮೂರಿನ ಯುದ್ಧದಲ್ಲಿ ತೀರಿಹೋಗುತ್ತಾರೆ. ಪಂಜೆಯವರಿಂದ ಮೊದಲ್ಗೊಂಡು ಇಂದಿನ ರಂಗಭೂಮಿಯವರೆಗೆ ಕನ್ನಡದ ರೂಪಾಂತರಗಳು ಶೌರ್ಯಕ್ಕೆ ಹೆಚ್ಚು ಬಣ್ಣ ಕೊಟ್ಟು ಬೀಡಿನ ಚಾವಡಿಯ ಪ್ರಶ್ನೋತ್ತರವನ್ನು ತೆಳ್ಳಗೆ ಮಾಡಿವೆ. ಮೂಲದಲ್ಲಿ ಮೊರೆಯೂ ನಿರಾಕರಣೆಯೂ ಕಥೆಯ ನಡುಗಂಬವಾಗಿವೆ. ವೀರವು ಅದರ ಮೇಲೆ ಹಬ್ಬಿದ ಬಳ್ಳಿ.

ಅಪರಾಧಿಯು ಮಂತ್ರಿಯಾಗದೆ ಅರಸನೇ ಆದರೆ ಏನು ಗತಿ? ಕಾರ್ಕಳದ ಕಲ್ಕುಡ ಕಲ್ಲುರ್ಟಿಯರ ಪಾಡ್ದನವು ಈ ಪ್ರಶ್ನೆಯನ್ನು ಎತ್ತುತ್ತದೆ. ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದನೆಂಬುದು ಶಾಸನಸಿದ್ಧ. ಆ ಮೂರ್ತಿಯನ್ನು ಕಡೆದ ಬೀರ ಕಲ್ಕುಡನು ಮತ್ತೆಲ್ಲಿಯೂ ಅಂಥದನ್ನು ಕಡೆಯದಿರಲೆಂದು ಭೈರವ ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನೆಂದು ಹಾಡು ಹೇಳುತ್ತದೆ. ಇದು ಚರಿತ್ರೆಯೆಂದು ನಾವು ಸಾಧಿಸುವುದಿಲ್ಲ. ಕಲ್ಕುಡನು ಬೇಸಾಯಗಾರನೂ ಅಲ್ಲ, ಶಿಲ್ಪಿ. ಆದರೂ ಕಾರ್ಕಳದ ಒಕ್ಕಲುಗಳು ತಲೆಮಾರುಗಳಿಂದ ಈ ಹಾಡನ್ನು ತಮ್ಮದಾಗಿ ಕೇಳಿಕೊಂಡು ಬಂದಿದ್ದಾರೆ. ಸಾಮಾನ್ಯನಿಗೆ ಒಂದು ಕಾರ್ಷಾಪಣದ ದಂಡವಾಗುವ ಅಪರಾಧಕ್ಕೆ ಅರಸನಿಗೆ ಸಾವಿರವಾಗಬೇಕೆಂದು ಮನುವು ಬರೆದನು. ಅದನ್ನು ವಸೂಲು ಮಾಡುವವನು ಯಾರೆಂಬುದು ಲೌಕಿಕದಲ್ಲಿ ಉತ್ತರವಿಲ್ಲದ ಪ್ರಶ್ನೆ. ಪಾಡ್ದನವು ಉತ್ತರವನ್ನು ಅಲೌಕಿಕದಲ್ಲಿ ಹುಡುಕುತ್ತದೆ: ಅಣ್ಣ ತಂಗಿಯರು ಮಾಯವಾಗಿ ದೈವಗಳಾಗಿ ಬಂದು ಕಾರ್ಕಳಕ್ಕೆ ಬೆಂಕಿಯಿಡುತ್ತಾರೆ. ಅರಸನಿಲ್ಲದ ಕಡೆ ಅರಸನ ಕೆಲಸವನ್ನು ದೈವದ ಚಾವಡಿಯು ವಹಿಸಿಕೊಂಡುದಕ್ಕೆ ತುಳುನಾಡಿನಲ್ಲಿ ನಿದರ್ಶನಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಕಾರ್ಕಳದ ಮಾತು ಬಂದುದರಿಂದ, ನಮ್ಮ ಕಾಲದಲ್ಲಿಯೇ ಆ ಸೀಮೆಯಲ್ಲಿ ನಡೆದುದನ್ನು ಬಿಟ್ಟುಬಿಡುವುದು ಹೇಡಿತನವಾದೀತು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದು ಗ್ರಾಮದಲ್ಲಿ ಪೊಲೀಸರ ಗುಂಡಿಗೆ ನಕ್ಸಲರೆಂದು ಹೇಳಲಾದ ಇಬ್ಬರು ಯುವತಿಯರು ಸತ್ತರು. ಆಮೇಲಿನ ಎರಡು ದಶಕಗಳ ಕಾಲ ಘಟ್ಟದ ಬುಡದ ಹಳ್ಳಿಗಳು ಎರಡು ಬಂದೂಕುಗಳ ನಡುವೆ ಬಾಳಿದವು. ಸರ್ಕಾರವು ನಕ್ಸಲ್ ನಿಗ್ರಹ ದಳವನ್ನು ಕಟ್ಟಿ ಕಾರ್ಕಳದಲ್ಲಿ ಅದರ ಕೇಂದ್ರವನ್ನಿಟ್ಟಿತು. ಪೊಲೀಸರಿಗೆ ಸುಳಿವು ಕೊಟ್ಟನೆಂಬ ಶಂಕೆಯಿಂದ ಕಬ್ಬಿನಾಲೆಯ ಒಬ್ಬ ಕೃಷಿಕನು 2011ರ ಕೊನೆಯಲ್ಲಿ ಕೊಲೆಯಾದನು. ಅದೇ ಕಬ್ಬಿನಾಲೆಯ ಪೀತಬೈಲಿನಲ್ಲಿ 2024ರ ನವೆಂಬರ್ 18ರಂದು, ಹೆಬ್ರಿಯ ಸೀಮೆಯಲ್ಲಿಯೇ ಹುಟ್ಟಿದ ನಕ್ಸಲ್ ಮುಖಂಡ ವಿಕ್ರಂ ಗೌಡನು ಪೊಲೀಸರ ಗುಂಡಿಗೆ ಬಲಿಯಾದನು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರಿಗೆ ಶರಣಾದರು. ಇದರ ರಾಜಕೀಯವು ಈ ಪತ್ರಿಕೆಯ ವಿಷಯವಲ್ಲ. ನಮಗೆ ಸಂಬಂಧಿಸಿದುದು ಈ ಸಂಗತಿಗಳನ್ನು ಬರೆದ ಗದ್ಯ. ಇಪ್ಪತ್ತು ವರ್ಷಗಳ ವರದಿಗಳನ್ನೂ ಕರಪತ್ರಗಳನ್ನೂ ಒಟ್ಟಿಗೆ ಇಟ್ಟು ಓದಿದರೆ ಎರಡು ಕಡೆಯವರೂ ಯುದ್ಧವೀರದ ಭಾಷೆಯನ್ನೇ ಬಳಸಿದುದು ಕಾಣುತ್ತದೆ. ಒಂದು ಕಡೆಗೆ ಕಾರ್ಯಾಚರಣೆ, ಮತ್ತೊಂದು ಕಡೆಗೆ ಹುತಾತ್ಮ. ಯಾರ ಅಂಗಳದಲ್ಲಿ ಗುಂಡು ಹಾರಿತೋ, ರಾತ್ರಿ ಬಂದವರಿಗೆ ಅನ್ನವಿಟ್ಟನೆಂದು ಒಬ್ಬರಿಂದಲೂ ಇಡಲಿಲ್ಲವೆಂದು ಮತ್ತೊಬ್ಬರಿಂದಲೂ ಯಾರು ಬೆದರಿಕೆಗೆ ಒಳಗಾಗುತ್ತಿದ್ದನೋ, ಆ ಮನೆಯವನು ಈ ಗದ್ಯದಲ್ಲಿಯೂ ಉದ್ದೀಪನವಿಭಾವವೇ. ಭಾಷೆ ಬದಲಾಯಿತು, ಮತ್ಸ್ಯದೇಶದ ಗೊಲ್ಲನ ಸ್ಥಾನ ಬದಲಾಗಲಿಲ್ಲ.

ಬೊಕ್ಕಸದಿಂದ ಕೊಡಬೇಕೆಂಬ ವಿಧಿಯೂ ನಮ್ಮ ಕಾಲದಲ್ಲಿ ಬೇರೊಂದು ವೇಷದಿಂದ ತಿರುಗಿ ಬಂದಿದೆ. ದಂಡಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಿಂದ ಸೇರಿದ 357ಎ ಕಲಮು, ಅಪರಾಧದಿಂದ ನೊಂದವರಿಗೂ ಅವರನ್ನು ನಂಬಿದವರಿಗೂ ಸರ್ಕಾರವು ಪರಿಹಾರನಿಧಿಯನ್ನು ಏರ್ಪಡಿಸಬೇಕೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 396ನೆಯ ಕಲಮಾಗಿದೆ. ಅದರೊಳಗಿನ ಒಂದು ಉಪಕಲಮು ಮಿತಾಕ್ಷರೆಯನ್ನು ಓದಿದವರ ಕಣ್ಣಿಗೆ ಒಡನೆಯೇ ಬೀಳುವುದು: ಅಪರಾಧಿಯ ಪತ್ತೆಯೇ ಆಗದೆ ವಿಚಾರಣೆಯು ನಡೆಯದಿದ್ದರೂ ನೊಂದವನು ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರಕ್ಕಾಗಿ ಅರ್ಜಿ ಹಾಕಿಕೊಳ್ಳಬಹುದು. ಹೆಜ್ಜೆ ಕಾಣದಿದ್ದರೆ ಎಂಬ ಯಾಜ್ಞವಲ್ಕ್ಯನ ಸಂದರ್ಭವೇ ಇದು. ಎರಡಕ್ಕೂ ಇರುವ ಅಂತರವೆಂದರೆ, ಸ್ಮೃತಿಯಲ್ಲಿ ಹೆಜ್ಜೆಯ ಜಾಡನ್ನು ಹಿಡಿದು ಹೊಣೆಗಾರನು ಯಾರೆಂದು ಗೊತ್ತುಮಾಡುತ್ತ ಹೋಗುವುದು ಅಧಿಕಾರದ ಕೆಲಸ. ಈಗ ಕಬ್ಬಿನಾಲೆಯಂತಹ ಕಾಡಂಚಿನ ಮನೆಯಿಂದ ಉಡುಪಿಯ ಕಚೇರಿಯವರೆಗೆ ಹೆಜ್ಜೆಯಿಡಬೇಕಾದವನು ನೊಂದವನೇ. ಅವನ ಹುಯ್ಯಲು ಈಗ ನಮೂನೆಯಲ್ಲಿ ಭರ್ತಿ ಮಾಡಿ ಸಹಿ ಹಾಕಿದ ಕಾಗದ.